ಕೈ ಮುಗಿದ ಹೆಣ

ತನ್ನ ಫ್ಲೆಕ್ಸ್ ತಾನ ಕಟ್ಟೋ ಮನಷ್ಯಾನ್ನ ನೀವು ನೋಡೀರೇನು? ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿನ ಕಂಬಕ್ಕ ಶನಿವಾರ ಮುಂಜಾನೆ ಸಿದ್ಧರಾಮ ಕಟ್ಟಾಕತ್ತಿದ್ದ. ಬಾಯಾಗ ತಂತಿ ಕಚ್ಚಿಕೊಂಡು, ಸ್ಟೂಲಿನ ಮ್ಯಾಲ ಒಂದ ಕಾಲಾಗ ನಿಂತು. ಈ ತುದಿ ಹಿಡಿ ಬಾ ಅಂತ ಕರಿಯಾಕ ಸುದ್ದಾ ಅವಗ ಯಾರೂ ಇರಲಿಲ್ಲ. ಕಟ್ಟಿ ಇಳದು, ರಸ್ತೆ ದಾಟಿ, ದೂರ ನಿಂತು ನೋಡಿದ. ಕರೇ ಹಿನ್ನೆಲೆ, ಅದರಾಗ ಬಣ್ಣ ಇಲ್ಲದ ತನ್ನ ಮಾರಿ. ಕೆಳಗ ಬಿಳೇ ಅಕ್ಷರದಾಗ ಹೆಸರು. ಅದರ ಕೆಳಗ ‘ರವಿವಾರ ಸಂಜೆ ನಾಲ್ಕಕ್ಕೆ, ಸ್ವಗೃಹದಲ್ಲಿ’. ‘ಕಿರುಚಿತ್ರ ಪ್ರದರ್ಶನ’ ಅನ್ನೂದು ಎಲ್ಲೈತಿ ಅಂತೀರಿ? ಇತ್ತು. ಕರೇದರ ಮ್ಯಾಲ ಬೂದಿ ಬಣ್ಣದಾಗ, ಇರಿವಿಯಷ್ಟು ಸಣ್ಣಗ.

ಫ್ಲೆಕ್ಸ್ ಅಂಗಡಿಯಾಂವ ಪಾಪ, “ಬಣ್ಣಾ ಹಾಕೂನ್ರಿ ಸರ, ಸುತ್ತ ಹೂವಿನ ಅಂಚರ ಹಾಕೂನ್ರಿ” ಅಂದಿದ್ದ. “ನಿನಗ ತಿಳಿಯಂಗಿಲ್ಲ, ಇದು ಕಲಾ” ಅಂದು ಇಂವ ಅವನ ಬಾಯಿ ಮುಚ್ಚಿಸಿದ್ದ. ಆ ಕಲಾನ ಇವನ್ನ ಕೊಂದಿತು ನೋಡ್ರಿ. ನಮ್ಮ ಕಡೆ ಬಣ್ಣ ಇಲ್ಲದ ಮಾರಿ ಕಂಬ ಏರೂದು ಒಂದ ಕಾರಣಕ್ಕ. ಅದು ಊರಿಗೆಲ್ಲಾ ಗೊತ್ತು, ಈ ಕಲಾವಿದಗ ಒಬ್ಬಗ ಗೊತ್ತಿರಲಿಲ್ಲ.

ಸಿದ್ಧರಾಮಗ ನಲವತ್ತೆಂಟು ವರ್ಷ. ಲಗ್ನ ಆಗಿಲ್ಲ. ಅವ್ವ ಹೋದ ಮ್ಯಾಲ ಎರಡು ಖೋಲಿ ಮನ್ಯಾಗ ಒಬ್ಬಾಂವ. ಹೊಟ್ಟಿಗೆ ಏನ ಮಾಡ್ತಾನ ಅಂದ್ರ, ತಳ್ಳುಗಾಡಿಯವ್ರಿಗೆ ದನಿ ರೆಕಾರ್ಡ್ ಮಾಡಿ ಕೊಡ್ತಾನ. “ಬಳ್ಳೊಳ್ಳಿ ಬಂತು ಬಳ್ಳೊಳ್ಳಿ, ಜವಾರಿ ಬಳ್ಳೊಳ್ಳಿ” ಅಂತ ಇಂಡಿಯಿಂದ ಮುದ್ದೇಬಿಹಾಳದ ತನಕ ಓಣಿ ಓಣಿಯಾಗ ಕೂಗೂದು ಅವನ ದನಿ. ಬಳ್ಳೊಳ್ಳಿ ಕೊಳ್ಳವ್ರು ದನಿ ಯಾರದು ಅಂತ ಕೇಳಂಗಿಲ್ಲ. ಉಳಿದ ಹೊತ್ತೆಲ್ಲಾ ಹಳ್ಳಿ ನಾಟಕದಾಗ ಪಾರ್ಟು, ಇಲ್ಲಾ ಮೊಬೈಲಿನ್ಯಾಗ ಸಿನಿಮಾ. ಏಳು ಕಿರುಚಿತ್ರ ಮಾಡ್ಯಾನ.

ಪ್ರತಿ ಗುರುವಾರ ವಾಟ್ಸಾಪ್ ಸ್ಟೇಟಸ್ಸಿಗೆ ‘ಬರುವ ಕಾರ್ಯಕ್ರಮಗಳು’ ಅಂತ ಹಾಕ್ತಾನ. ಇಂಥಾ ಊರಾಗ ಇಂಥಾ ನಾಟಕ, ನನ್ನದು ಮಾವನ ಪಾತ್ರ. ಇಂಥಾ ದಿನ ಇಂಥಲ್ಲೆ ನನ್ನ ಸಿನಿಮಾ, ತಪ್ಪದ ಬರ್ರಿ. ಬರ್ತಾರೇನು? ಇಂಡಿಯೊಳಗ ಟ್ಯೂಷನ್ ಖೋಲ್ಯಾಗ ತೋರಿಸಿದಾಗ ಮೂರು ಮಂದಿ ಬಂದಿದ್ರು, ಅದರಾಗೊಬ್ಬ ಮೊಬೈಲ್ ಚಾರ್ಜಿಗೆ ಹಚ್ಚಾಕ ಬಂದಿದ್ದ. ಬಸವನ ಬಾಗೇವಾಡ್ಯಾಗ ಗಂಡ ಹೆಂಡತಿ ಇಬ್ಬರು ಬಾಗಲದಾಗ ಇಣುಕಿ, “ಹೆಣ್ಣ ತೋರಸೂದು ಇಲ್ಲೇ ಏನ್ರಿ?” ಅಂತ ಕೇಳಿ ಹೋದ್ರು. ಅವತ್ತ ಸಿದ್ಧರಾಮ ಖಾಲಿ ಖುರ್ಚಿಗೋಳಿಗೆ ಪೂರ್ತಿ ಸಿನಿಮಾ ತೋರಿಸಿ, ಕಡೀಕ ಎದ್ದು ನಿಂತು ಮಾತಾಡಿ, ಬಸ್ಸು ಹತ್ತಿದ.

ಆದ್ರ ಸ್ಟೇಟಸ್ ನೋಡಿದವರ ಪಟ್ಟಿಯೊಳಗ ಒಂದು ಹೆಸರು ತಪ್ಪತಿರಲಿಲ್ಲ. ಅಮೀನುದ್ದೀನ. ಹಾಕಿ ಐದು ನಿಮಿಷ ಆಗಿರೂದಿಲ್ಲ, ನೋಡಿರ್ತಿದ್ದ. ಆರು ವರ್ಷದಿಂದ ಹಿಂಗ. ಒಂದು ಮಾತಿಲ್ಲ, ಫೋನಿಲ್ಲ, ಪ್ರದರ್ಶನಕ್ಕಂತೂ ಬಂದಾಂವಲ್ಲ. ಆ ಹೆಸರು ನೋಡಾಕಂತನ ಸಿದ್ಧರಾಮ ಗುರುವಾರದ ಹಾದಿ ಕಾಯತಿದ್ದ. ಬರದಿದ್ರ ಬ್ಯಾಡ, ಜೀವಂತ ಅದಾನಲ್ಲ ಅಂದುಕೋತಿದ್ದ.

ಅಮೀನುದ್ದೀನ ಮುದ್ದೇಬಿಹಾಳದ ದರ್ಜಿ. ಹದಿನಾಲ್ಕು ವರ್ಷ ಇಬ್ಬರೂ ಒಂದ ರಂಗದ ಮ್ಯಾಲ ಬಣ್ಣ ಹಚ್ಚಿದವ್ರು. ಸಿದ್ಧರಾಮ ಅಣ್ಣ, ಅಮೀನುದ್ದೀನ ತಮ್ಮ. ಎಲ್ಲಾ ಊರಾಗೂ ಅದ ಜೋಡಿ. ಒಂದು ನಾಟಕದಾಗ ಬದುವಿನ ಜಗಳಕ್ಕ ಮಾತು ಬಿಟ್ಟ ತಮ್ಮ, ಸತ್ತ ಅಣ್ಣನ ಮುಂದ ಕುಂತು ಅಳೂದೈತಿ. ನಮ್ಮಲ್ಲೆ ಹೆಣಾ ಗ್ವಾಡಿಗೆ ಆನಿಸಿ ಕುಂಡ್ರಸ್ತಾರಲ್ಲ, ಹಂಗ ಸಿದ್ಧರಾಮ ಹಣಿಗೆ ವಿಭೂತಿ ಬಡಕೊಂಡು ಕುಂಡ್ರಬೇಕು. ಅಮೀನುದ್ದೀನ ಹತ್ತು ನಿಮಿಷ ಅಳಬೇಕು. ಅಂವ ಅತ್ರ ಹೆಣ್ಣಮಕ್ಕಳು ಸೆರಗು ಕಚ್ಚತಿದ್ರು, ಗಂಡಸ್ರು ಮಾರಿ ಆ ಕಡೆ ತಿರಗಸ್ತಿದ್ರು.

ಆರು ವರ್ಷದ ಹಿಂದ ಕನ್ನೊಳ್ಳ್ಯಾಗ ಅದ ನಾಟಕ. ತಮ್ಮ ಅಳಾಕತ್ತಾನ, ಊರೆಲ್ಲಾ ಗಪ್‌ಚಿಪ್. ಅಷ್ಟರಾಗ ಯಾರೋ ಅಭಿಮಾನಿ ತಡಕೊಳ್ಳಲಾರದ ಕಲಾವಿದಗ ಕೊಡೋ ಕಾಣಿಕಿ ಕಳಿಸಿದ. ಇಂಥಾ ಆಯೇರಿ ಬಂದ್ರ ನಾಟಕ ಎಲ್ಲಿದ್ರೂ ನಿಲ್ಲಿಸಿ ಹೆಸರು ಹೇಳೂದು ಪದ್ಧತಿ. ಮೈಕಿನ್ಯಾಗ ಕೂಗೇ ಬಿಟ್ರು: “ಅಣ್ಣನ ಪಾತ್ರಧಾರಿ ಸಿದ್ಧರಾಮ ಅವರಿಗೆ ಒಂದು ಟಾವೆಲ್ಲು, ಒಂದು ತೆಂಗಿನಕಾಯಿ!” ಹೆಸರು ಕೂಗಿದ್ರ ಕೊಟ್ಟಾವರಿಗೆ ಕೈ ಮುಗೀಬೇಕು. ಹದಿನಾಲ್ಕು ವರ್ಷದ ರೂಢಿ, ಕೈ ಕೇಳತೈತೇನು? ಕಣ್ಣು ಮುಚ್ಚಿಕೊಂಡ ಹೆಣ ಎರಡೂ ಕೈ ಎತ್ತಿ ನಮಸ್ಕಾರ ಮಾಡ್ತು.

ಅಯ್ಯಯ್ಯ, ಊರಿಗೆ ಊರ ಬಿದ್ದು ಬಿದ್ದು ನಕ್ತು. “ಹೆಣಕ್ಕ ಇನ್ನೊಂದು ಟಾವೆಲ್ಲು!” ಅಂತ ಯಾವಾನೋ ಒದರಿದ. ಅಮೀನುದ್ದೀನ ಅರ್ಧ ಮಾತಿನ್ಯಾಗ ನಿಂತ. ತಲಿ ಮ್ಯಾಲಿನ ರುಮಾಲ ಬಿಚ್ಚಿ ಹೆಣದ ತೊಡಿ ಮ್ಯಾಲ ಇಟ್ಟು, “ನಿನಗ ಸಾಯಾಕೂ ಬರೂದಿಲ್ಲ” ಅಂದು ಇಳದು ಹೋದ. ಮತ್ತ ರಂಗ ಹತ್ತಲಿಲ್ಲ. ಸಿದ್ಧರಾಮ ಎಷ್ಟ ಸಲ ಹೋಗಿ ಬಾಗಲಾ ಬಡದ್ರೂ ಹೊಲಿಗಿ ಮಷಿನ್ ಸಪ್ಪಳ ನಿಲ್ಲಲಿಲ್ಲ.

ಅದಕ್ಕಂತ ಈ ಏಳನೇ ಸಿನಿಮಾ. ಹನ್ನೊಂದು ನಿಮಿಷ. ಮೊಬೈಲ್ ಮುಂದಿಟ್ಟು, ಹಣಿಗೆ ವಿಭೂತಿ ಬಡಕೊಂಡು, ಗ್ವಾಡಿಗೆ ಆನಿ ಸಿದ್ಧರಾಮ ಹೆಣ ಆಗಿ ಕುಂತಾನ. ಎದುರಿಗೊಂದು ಖಾಲಿ ಚಾಪಿ. ಮೂಗಿನ ಮ್ಯಾಲ ನೊಣಾ ಕುಂತ್ರೂ ಅಳ್ಳಾಡಂಗಿಲ್ಲ. ಇದನ್ನ ಅಮೀನುದ್ದೀನ ಒಂದ ಸಲ ನೋಡಿದ್ರ ಸಾಕು ಅನ್ನೂದು ಅವನ ಆಸಿ. ಹೇಳಬೇಕಾದ್ದನ್ನ ಬಾಯಿಲೆ ಹೇಳಾಕ ಬರದವ್ರು ಹಿಂಗೆಲ್ಲಾ ಮಾಡ್ತಾರ ನೋಡ್ರಿ. ಕಟ್ಟಿದ ಫ್ಲೆಕ್ಸಿನ ಫೋಟೋ ತಗದು ಸ್ಟೇಟಸ್ಸಿಗೂ ಹಾಕಿದ.

ರವಿವಾರ ಮುಂಜಾನೆ ಎಂಟಕ್ಕ ನಾಟಕದ ಪರಿಚಯದ ಕನ್ನೊಳ್ಳಿ ಸಂಗಣ್ಣ ಬಾಗಲಿಗೆ ಬಂದ. ಹೆಗಲಿಗೆ ಟಾವೆಲ್ಲು, ಕೈಯಾಗ ಮಾಲಿ, ಕಣ್ಣಾಗ ನೀರು. ಸಿದ್ಧರಾಮ ಬರೇ ಚಡ್ಡಿ ಮ್ಯಾಲ ಅಂಗಳದ ಕಸಾ ಹೊಡ್ಯಾಕತ್ತಿದ್ದ.

“ಅಯ್ಯ ನಿನ್ನ! ಬದುಕೀಯೇನೋ?”

“ಬದುಕೇನ್ರಿ. ಯಾಕ್ರಿ?”

ಫ್ಲೆಕ್ಸಿನ ವಿಷಯ ತಿಳಿದು ಇಬ್ಬರೂ ನಕ್ರು. ಆಮ್ಯಾಲ ಸಂಗಣ್ಣಗ ಸಿಟ್ಟು ಬಂತು. “ತೊಗರಿ ರಾಶಿ ಬಿಟ್ಟ ಬಂದೇನಲೇ ನಾನು!”

“ಹೆಂಗೂ ಬಂದೀರಿ, ನಾಕರ ತನಕ ಇರ್ರಿ. ಸಿನಿಮಾ ನೋಡಕೊಂಡ ಹೋಗ್ರಿ.”

“ಸಾವಿಗೆ ಅಂತ ಹೇಳಿ ಬಂದು ಸಿನಿಮಾಕ್ಕ ಕುಂತ್ರ ಮನ್ಯಾಗ ನನಗೇನಂತಾರ?” ಅಂದು ಮಾಲಿ ಸಮೇತ ನಡದ.

ಹನ್ನೊಂದರ ಒಳಗ ಇಪ್ಪತ್ತಾರು ಮಂದಿ ಬಂದು ಹೋದ್ರು. ಏಳು ಸಿನಿಮಾಕ್ಕ ಕೂಡಿಸಿ ಇಷ್ಟು ಮಂದಿ ಬಂದಿರಲಿಲ್ಲ. ಬಾಜೂ ಮನಿ ಶೇವಂತೆವ್ವ ಎಲ್ಲಾರಿಗೂ “ಸತ್ತಿಲ್ರಿ, ಸತ್ತಿಲ್ರಿ, ಸಿನಿಮಾ ಐತಂತ” ಅಂತ ಹೇಳಿ ಹೇಳಿ ದನಿ ಕಳಕೊಂಡ್ಲು. ಓಣ್ಯಾಗ ಬಳ್ಳೊಳ್ಳಿ ಗಾಡಿ ಸಿದ್ಧರಾಮನ ದನೀಲೆ ಕೂಗಕೋತ ಹಾದು ಹೋತು, ಬಂದವರ್ಯಾರೂ ಆ ಕಡೆ ಕಿವಿ ಕೊಡಲಿಲ್ಲ. ಬದುಕ್ಯಾನ ಅಂದ ಕೂಡಲೆ ಎಲ್ಲಾರಿಗೂ ಕೆಲಸ ನೆನಪಾದವು. ಸಿದ್ಧರಾಮಗ ನಗು ಬಂದಿತ್ತು ಮೊದಲ, ಈಗ ಬರವಲ್ದಾಗಿತ್ತು.

ಅಷ್ಟರಾಗ ಫೋನು ರಿಂಗ್ ಆತು. ಅಮೀನುದ್ದೀನ.

ಆರು ವರ್ಷದ ಮ್ಯಾಲ ಆ ಹೆಸರು ಕುಣ್ಯಾಕತ್ತಿತ್ತು. ಎತ್ತಾಕ ಬೆರಳು ಒಯ್ದಾಂವ ನಿಂತ. ಎತ್ತಿ “ಹಲೋ” ಅಂದ್ರ ಮುಗೀತು. ಇದ್ದಾನಂತ ತಿಳದು ಆ ಕಡೆ ಕಟ್ ಆಗತೈತಿ, ಮತ್ತ ಆರು ವರ್ಷ. ಎತ್ತದಿದ್ರ ಸತ್ತಾನಂತ ತಿಳದು ಅಂವ ಬಸ್ಸು ಹತ್ತತಾನ. ಫೋನು ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೊಮ್ಮೆ ರಿಂಗ್ ಆಗಿ ನಿಂತಿತು. ಸಿದ್ಧರಾಮ ಅದರ ಮುಂದ ನೆಲದ ಮ್ಯಾಲ ಕುಂತಿದ್ದ, ಎರಡೂ ಕೈ ತೊಡಿ ಕೆಳಗ ಒತ್ತಿ ಹಿಡದು.

ತಪ್ಪು ಅಂತೀರಿ. ತಪ್ಪ. ಆದ್ರ ಆರು ವರ್ಷ ಒಂದು ಹೆಸರು ನೋಡಕೋತ ಕುಂತಾವಗ ಹೋಗಿ ಹೇಳ್ರಿ ಅದನ್ನ.

ಮುದ್ದೇಬಿಹಾಳದಿಂದ ಬಸ್ಸಿಗೆ ಮೂರು ತಾಸು, ಮೂರೂವರಿ. ಸಿದ್ಧರಾಮ ಜಳಕಾ ಮಾಡಿದ, ಬಿಳೇ ಅಂಗಿ ಹಾಕಿದ. ಗ್ವಾಡಿಗೆ ಹಾಸಿಗಿ ಬಟ್ಟಿ ಕಟ್ಟಿ ಪರದಿ ಮಾಡಿದ, ಪ್ರೊಜೆಕ್ಟರ್ ಹಚ್ಚಿಟ್ಟ. ಬಂದ ಕೂಡಲೆ ಕಾಲು ಹಿಡೀಬೇಕು, ಚಾಪಿ ಮ್ಯಾಲ ಕುಂಡ್ರಸಬೇಕು, ಹನ್ನೊಂದು ನಿಮಿಷ ತೋರಸಬೇಕು. ನಾಕು ಹೊಡೀತು, ಒಬ್ಬರೂ ಬರಲಿಲ್ಲ. ನಾಕೂವರಿಗೆ ಅಂಗಳದಾಗ ಚಪ್ಪಲಿ ಸಪ್ಪಳಾತು. ಅದು ಅಮೀನುದ್ದೀನಂದ, ಎಡಗಾಲು ಎಳದು ಇಡೋ ಅವನ ಹಳೇ ಸಪ್ಪಳ. ಸಿದ್ಧರಾಮ ಮಾರಿ ತೋರಸಾಕ ಧೈರ್ಯ ಆಗದ, ಪರದಿ ಬಾಜೂಕ ಗ್ವಾಡಿಗೆ ಆನಿ ಕುಂತು ಕಣ್ಣು ಮುಚ್ಚಿಬಿಟ್ಟ.

ಸಪ್ಪಳ ಬಾಗಲದಾಗ ನಿಂತಿತು.

“ಬಸ್‌ಸ್ಟ್ಯಾಂಡಿನ್ಯಾಗ ಚಾದ ಅಂಗಡಿಯಾಂವ ಹೇಳಿದ, ನೀ ಸತ್ತಿಲ್ಲ ಅಂತ,” ಅಂದ ಅಮೀನುದ್ದೀನ. ದನಿ ಮುಪ್ಪಾಗಿತ್ತು. “ಏಳಬ್ಯಾಡ. ಹಂಗ ಕುಂಡ್ರು.”

ಎದುರಿಗೆ ಚಾಪಿ ಮ್ಯಾಲ ಕುಂತ. ಆಮ್ಯಾಲ, ಕನ್ನೊಳ್ಳ್ಯಾಗ ತಮ್ಮನ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡದ.

“ಅಣ್ಣಾ, ಒಂದು ಗೇಣು ಬದುವಿನ ಸಲುವಾಗಿ ನಿನ್ನ ಕೂಡ ಮಾತು ಬಿಟ್ಟೆ. ಈಗ ಪೂರಾ ಹೊಲ ನಂದೈತಿ. ಬಿತ್ತೂದು ಯಾವಾಗ ಅಂತ ಯಾರನ್ನ ಕೇಳ್ಲಿ? ದಿನಾ ನಿನ್ನ ಬಾಗಲಾ ಹಾದು ಹೋದೆ, ದೀಪ ಹತ್ತೈತಂತ ನೋಡಿದೆ, ಒಳಗ ಬರಲಿಲ್ಲ. ದೀಪ ಇರ್ತೈತಿ ಅಂತ ತಿಳದಿದ್ದೆ, ಅಣ್ಣಾ.”

ಸಿದ್ಧರಾಮ ಅಳ್ಳಾಡಲಿಲ್ಲ. ಈ ಸಲ ಅಳ್ಳಾಡಬಾರದು, ಪರದಿ ಬೀಳೂತನಕ ಹೆಣ ಏಳಬಾರದು. ಉಸುರು ಹಿಡದ. ಮಾತು ಮುಗೀತು. ಅಮೀನುದ್ದೀನ ಅಲ್ಲೇ ಕುಂತಿದ್ದ, ಏನೋ ಕಾಯಾಕತ್ತಿದ್ದ. ಸಿದ್ಧರಾಮನೂ ಕಾದ. ಆ ಮನ್ಯಾಗ ಬೀಳಾಕ ನಾಟಕದ ಪರದಿ ಇರಲಿಲ್ಲ.

ತೊಡಿ ಮ್ಯಾಲ ತಣ್ಣಗ, ಹಸೀಗ ಏನೋ ಬಿತ್ತು. ಎಡಗಾಲು ಎಳದು ಇಡೋ ಸಪ್ಪಳ ಬಾಗಲಾ ದಾಟಿತು, ಅಂಗಳಾ ದಾಟಿತು, ಓಣ್ಯಾಗ ಕೇಳದಂಗಾತು.

ಕಣ್ಣು ತಗದ. ತೊಡಿ ಮ್ಯಾಲ ಸೇವಂತಿ ಮಾಲಿ. ಚಾಪಿ ಇನ್ನೂ ಕುಂತಲ್ಲಿ ನೆಗ್ಗಿತ್ತು. ಪ್ರೊಜೆಕ್ಟರ್ ಗುಂಯ್ ಅನ್ನಾಕತ್ತಿತ್ತು, ಸಿನಿಮಾ ಇನ್ನೂ ಚಾಲೂ ಆಗಿರಲಿಲ್ಲ. ಆಯೇರಿ ಕೊಟ್ಟಾವಗ ಕೈ ಮುಗೀಬೇಕಲ್ಲ. ಸಿದ್ಧರಾಮ ಎರಡೂ ಕೈ ಎತ್ತಿ ಬಾಗಲಕ್ಕ ಮುಗದ. ಬಾಗಲದಾಗ ಯಾರೂ ಇರಲಿಲ್ಲ.