ತಮ್ಮನ ದಾರದ ಗಂಟು

ತಮ್ಮನ ಬಗ್ಗೆ ಪತ್ರಿಕೆಯವರು ಕೇಳಿದಾಗಲೆಲ್ಲ ನಾನು ನಗುನಗುತ್ತಲೇ ಮಾತಾಡುತ್ತೇನೆ. ಹೊಟ್ಟೆಯಲ್ಲಿ ಮಾತ್ರ ಕಿಚ್ಚು. ಐದು ವರ್ಷ ನಿದ್ದೆಗೆಟ್ಟು ಪೀಠೋಪಕರಣ ವಿನ್ಯಾಸ ಓದಿದವಳು ನಾನು. ಅವನೋ ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ, ಬಸ್ ಸ್ಟ್ಯಾಂಡ್ ಪಕ್ಕ ಕೊಡೆ ರಿಪೇರಿಗೆ ಕೂತವನು. ಮುರಿದ ಕೊಡೆಯ ಕಡ್ಡಿ ಬಗ್ಗಿಸಿ, ಕಾಗದ ಅಂಟಿಸಿ ದೀಪ ಮಾಡಿದ. ಜನ ಮುಗಿಬಿದ್ದು ಕೊಂಡರು. ಆಮೇಲೆ ಅಪ್ಪನ ಮರಗೆಲಸದ ಶೆಡ್ಡಿಗೆ ಬಂದು ಕುರ್ಚಿಗೂ ಕೈ ಹಾಕಿದ. ಅದೂ ನಾನು ನಕ್ಷೆ ಬರೆಯುವ ಮೇಜಿನ ಪಕ್ಕದಲ್ಲೇ!

ಅವನ ಹತ್ತಿರ ಟೇಪೂ ಇಲ್ಲ, ನಕ್ಷೆಯೂ ಇಲ್ಲ. ಗಂಟು ಹಾಕಿದ ಒಂದು ದಾರ, ಅಷ್ಟೆ. ಮೊದಲ ಗಂಟು ಸೀಟಿನ ಎತ್ತರಕ್ಕೆ, ಎರಡನೆಯದು ಬೆನ್ನಿಗೆ. ದೀಪಕ್ಕೆ ಗಂಟೇ ಇಲ್ಲ; ಮುಗಿದ ಕುರ್ಚಿಯಲ್ಲಿ ತಾನೇ ಕೂತು, ಪುಸ್ತಕ ಹಿಡಿದು, "ಇಳಿಸಿ, ಇನ್ನೂ ಇಳಿಸಿ" ಎನ್ನುತ್ತ ತೂಗುಹಾಕಿಸುತ್ತಾನೆ.

ಗ್ರಂಥಾಲಯದವರು ಓದುವ ಕೋಣೆಗೆ ಹದಿನಾರು ಕುರ್ಚಿ, ದೀಪ ಬೇಕೆಂದಾಗ ನನ್ನ ನಕ್ಷೆ ಬಿಟ್ಟು ಅವನನ್ನು ಒಪ್ಪಿದರು. ಅಪ್ಪ ಬೇರೆ, "ಅವನ ಕೈಗುಣವೇ ಬೇರೆ ಕಣಮ್ಮ" ಎಂದರು. ಅದೇ ಶೆಡ್ಡಿನಲ್ಲಿ ದುಡಿದ ಇಪ್ಪತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಅಂಥ ಮಾತು ಹೇಳಿರಲಿಲ್ಲ. ಆ ಮಧ್ಯಾಹ್ನ ತಮ್ಮ ಊಟಕ್ಕೆ ಹೋದಾಗ ಮೊದಲ ಗಂಟು ಬಿಚ್ಚಿ, ಮೂರು ಬೆರಳು ಗಿಡ್ಡಕ್ಕೆ ಕಟ್ಟಿದೆ. ಎಲ್ಲರೆದುರು ಅವನಿಗೆ ಒಮ್ಮೆ ಮುಖಭಂಗವಾಗಲಿ, ಅಪ್ಪನ ಕಣ್ಣು ನನ್ನ ಕಡೆ ತಿರುಗಲಿ, ಅಷ್ಟೇ ಆಸೆ.

ಗಿಡ್ಡ ಕುರ್ಚಿಗಳೇ ಹೋದವು. ದೀಪಗಳೂ ಅದಕ್ಕೆ ತಕ್ಕಂತೆ ಇಳಿದವು. ಉದ್ಘಾಟನೆಯ ದಿನ ಮುದುಕಿಯೊಬ್ಬರು ಕೂತು, "ಅಯ್ಯೋ, ಇಲ್ಲಿ ಕಾಲು ನೆಲಕ್ಕೆ ಊರುತ್ತೆ ಕಣ್ರೀ! ಬೆಳಕೂ ಸೀದಾ ಪುಸ್ತಕದ ಮೇಲೇ ಬೀಳುತ್ತೆ" ಎಂದರು. ಈಗ ಆ ಗಿಡ್ಡ ಕುರ್ಚಿಯಿಂದಲೇ ಅವನಿಗೆ ಹೆಸರು. ಅದು ನನ್ನ ಕೆಲಸ ಎಂದರೆ ನನ್ನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಹೊಟ್ಟೆ ಉರಿಯುತ್ತದೆ. ಯಾರಿಗೆ ಬೇಕು ಈ ಪಾಡು!

ಮೊನ್ನೆ ತಡೆಯಲಾಗದೆ ಬಾಯಿಬಿಟ್ಟೆ. "ಆ ಗಂಟು ಕಟ್ಟಿದ್ದು ನಾನು ಕಣೋ."

ಕಡ್ಡಿ ಬಗ್ಗಿಸುತ್ತಿದ್ದವನು ತಲೆಯೂ ಎತ್ತಲಿಲ್ಲ. "ಗೊತ್ತು ಬಿಡಕ್ಕಾ. ನಾನು ಎಡಚ, ನನ್ನ ಗಂಟು ಹಾಗೆ ಬೀಳಲ್ಲ."

"ಮತ್ತೆ ಯಾಕೋ ಸರಿ ಮಾಡ್ಕೊಳ್ಳಲಿಲ್ಲ?"

"ನೀನು ಓದಿದವಳು. ನನ್ನ ಅಳತೆ ತಪ್ಪಿದ್ದು ನೋಡಿ, ಎಲ್ಲರೆದುರು ಹೇಳಿದ್ರೆ ನನಗೆ ಬೇಜಾರಾಗುತ್ತೆ ಅಂತ ಸದ್ದಿಲ್ದೆ ತಿದ್ದಿದೀಯ ಅಂದ್ಕೊಂಡೆ. ಅಪ್ಪಂಗೂ ಅವತ್ತೇ ಹೇಳ್ದೆ."

"ಏನಂದ್ರು?"

"ಅವಳ ಕಣ್ಣಳತೆ ಯಾರಿಗೂ ಬರಲ್ಲ ಅಂದ್ರು."

ಇಪ್ಪತ್ತು ವರ್ಷ ಕಾದ ಮಾತು. ಕೆಡಿಸಲೆಂದೇ ಕಟ್ಟಿದ್ದೆ ಎಂದು ಹೇಳಿ ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅವನ ಕೈಯಲ್ಲಿದ್ದ ಕಡ್ಡಿಯ ಇನ್ನೊಂದು ತುದಿ ಹಿಡಿದುಕೊಂಡು ಕೂತೆ.