ಟೈರಿಗೆ ಹಚ್ಚಿದ ಸುಣ್ಣ

೧೯೪೦ರಲ್ಲಿ ನಾನು ಶಾಲೆ ಬಿಟ್ಟೆ. ಐದನೇ ತರಗತಿ ಅರ್ಧಕ್ಕೇ ನಿಂತಿತು. ರಾಯಚೂರಿನ ಆ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಉರ್ದು ನನಗೆ ಸಲೀಸಾಗಿ ಬರುತ್ತಿತ್ತು, ಮಾಸ್ತರರಿಂದ ಏಟು ತಿಂದವನಲ್ಲ ನಾನು. ಅಪ್ಪ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಚೀಲ ಹೊರುವ ಹಮಾಲ. ಒಂದು ದಿನ ಚೀಲ ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತು, ಮರುದಿನ ಅವನ ಜಾಗದಲ್ಲಿ ನಾನು ಹೋಗಿ ನಿಂತೆ. ದೊಡ್ಡವರು ಹೊರುವ ಚೀಲವನ್ನೇ ಹೊತ್ತೆ. ಸಣ್ಣದು ಕೊಡಲು ಬಂದ ಹಮಾಲರ ಮುಕಾದಮನಿಗೆ ಬೇಡವೆಂದೆ. ಕೇಳಿ ಪಡೆಯುವುದು, ಕಲಿಸಿಕೊಳ್ಳುವುದು ನನಗೆ ಆಗಿನಿಂದಲೂ ಕಷ್ಟ.

ಗಂಜಿಗೆ ಶೇಂಗಾ ತರುತ್ತಿದ್ದ ಒಂದು ಎಣ್ಣೆ ಗಿರಣಿಯ ಲಾರಿ ಇತ್ತು. ಅದನ್ನು ಓಡಿಸುತ್ತಿದ್ದ ಉಸ್ತಾದರು ನನ್ನನ್ನು ನೋಡಿ ಲಾರಿಯ ಕೆಲಸಕ್ಕೆ ಇಟ್ಟುಕೊಂಡರು. ಐವತ್ತು ದಾಟಿದ ಮುಸಲ್ಮಾನರು, ಗಡ್ಡ ಅರ್ಧ ಬೆಳ್ಳಗಾಗಿತ್ತು, ಬಾಯಲ್ಲಿ ಸದಾ ಎಲೆ. ಅಂಗಿಯ ಜೇಬಿನಲ್ಲಿ ಸುಣ್ಣದ ತಗಡಿನ ಡಬ್ಬಿ ಇರುತ್ತಿತ್ತು. ಆರು ವರ್ಷ ಅವರ ಕೈಕೆಳಗೆ ದುಡಿದೆ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಯ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಹೊಗೆಯ ಮೇಲೆ ಓಡಿಸುತ್ತಿದ್ದೆವು. ಟೈರಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬಿರುಕು ಬಿಟ್ಟ ಟೈರಿನ ಒಳಗೆ ಇನ್ನೊಂದು ಹಳೆಯ ಟೈರಿನ ತುಂಡು ಕೂಡಿಸಿ ಓಡಿಸಿದ್ದೇವೆ.

ಆದ್ದರಿಂದ ಮಳೆಗಾಲದಲ್ಲಿ ನಮ್ಮ ಲಾರಿ ದೇವದುರ್ಗಕ್ಕೇ ನಿಲ್ಲುತ್ತಿತ್ತು, ಆಚೆಯ ಮಾಲು ಬಂಡಿಯಲ್ಲಿ ಬರಬೇಕಿತ್ತು. ಅಲ್ಲಿಯವರೆಗೆ ಕಂಕರು ಕಲ್ಲು ಹಾಸಿದ ರಸ್ತೆ, ಅಲ್ಲಿಂದ ಜಾಲಹಳ್ಳಿಯ ಕಡೆಗೆ ಕಪ್ಪು ಎರೆ ಮಣ್ಣಿನ ಬಂಡಿ ದಾರಿ. ಶೇಂಗಾ ಬೆಳೆಯುವ ಹೊಲ ಕೆಂಪು ಮಸಾರಿ ಮಣ್ಣಿನದಾದರೂ ನಡುವಿನ ದಾರಿ ಎರೆಯದು. ನಾಲ್ಕು ಹನಿ ಬಿದ್ದರೆ ಸಾಕು, ಅಲ್ಲಿಗಿಳಿದ ಲಾರಿ ಗಾಲಿ ಹೂತು ಅಲ್ಲೇ ಕೂಡುತ್ತಿತ್ತು. ಲಾರಿ ಎಳೆದು ಕೊಡುವುದಕ್ಕೆಂದೇ ಎತ್ತು ಕಟ್ಟಿಕೊಂಡು ಕಾಯುವವರಿದ್ದರು. ಅವರು ನಮ್ಮನ್ನು ನೋಡಿ ನಗುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಯುದ್ಧ ಮುಗಿದ ಮರುವರ್ಷ, ೧೯೪೬ರಲ್ಲಿ, ಸೈನ್ಯದವರು ಬಿಟ್ಟ ಟೈರುಗಳು ರೈಲಿನಲ್ಲಿ ರಾಯಚೂರಿಗೆ ಬಂದವು. ಗಿರಣಿಯ ಸಾವ್ಕಾರರು ಒಂದು ಮುಂಜಾನೆ ನಮ್ಮಿಬ್ಬರನ್ನೂ ಕರೆದರು.

“ಈ ಸಲ ಮಳಿಯಾಗೂ ಜಾಲಹಳ್ಳಿಂದ ಮಾಲು ಬರಬೇಕು. ಬಂಡಿ ಕಾಯಕೊಂತ ಕುಂತ್ರ ಶೇಂಗಾ ಬೂಸರು ಹಿಡೀತದ. ಹೊಸಾ ಟೈರು ಹಾಕ್ಸೂನು.”

ಉಸ್ತಾದರು ಎಲೆಯನ್ನು ಒಂದು ಕಡೆಗೆ ಸರಿಸಿ, “ಎರಿ ಮಣ್ಣಾಗ ಲಾರಿ ಇಳಸೂದು ಅಂದ್ರ ಎಮ್ಮಿನ ಬಾವ್ಯಾಗ ಇಳಿಸಿದಂಗ ಸಾವ್ಕಾರ್ರ. ಇಳೀತದ. ಮ್ಯಾಲ ತರವ್ರು ಯಾರು?” ಎಂದರು.

“ನಿನಗ ವಯಸ್ಸಾತು ಉಸ್ತಾದ.”

“ನಾ ತರ್ತೀನ್ರಿ,” ಎಂದೆ ನಾನು. ಉಸ್ತಾದರು ಎದುರಿಗಿದ್ದಾಗ ಶಿಷ್ಯ ಮಾತು ಎತ್ತುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದರೂ ಎತ್ತಿದೆ.

ಸಾವ್ಕಾರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಆತಪಾ. ಟೈರು ನೀನ ಆರಸು. ಎತ್ತು ಹಚ್ಚದ ಜಾಲಹಳ್ಳಿಂದ ಲಾರಿ ತಂದಿ ಅಂದ್ರ ಸೀಟು ನಿಂದು. ಇಲ್ಲಂದ್ರ ಮತ್ತ ಗಂಜಿಗೆ ಹೋಗಿ ಚೀಲ ಹೊರು.”

“ಉಸ್ತಾದ್ರು?”

“ಅಂವ ನಿನ್ನ ಬಾಜೂಕ ಕುಂತು ಎಲಿ ತಿನ್ನಲಿ.”

ಅಲ್ಲಿದ್ದ ಗುಮಾಸ್ತರು ನಕ್ಕರು. ಉಸ್ತಾದರೂ ನಕ್ಕು, “ಆಗ್ಲಿ ಬಿಡ್ರಿ, ನನ್ನ ಮೊಣಕಾಲಿಗೂ ಕ್ಲಚ್ಚು ಸಾಕಾಗ್ಯಾದ,” ಎಂದರು. ಆ ನಗು ಎಂಥದ್ದೆಂದು ಆಗ ನಾನು ನೋಡಲಿಲ್ಲ. ಹತ್ತೊಂಬತ್ತು ವರ್ಷದವನಿಗೆ ಸ್ವಂತ ಸೀಟು ಎಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸಲಾಗದು. ಅಪ್ಪ ಹಾಸಿಗೆಯಲ್ಲಿದ್ದ. ಗಂಜಿನ ಚೀಲಕ್ಕೆ ನಾನು ಮತ್ತೆ ಬೆನ್ನು ಕೊಡಲಾರೆ ಎಂದು ನಿರ್ಧರಿಸಿದ್ದೆ.

ಸ್ಟೇಷನ್ನಿನ ಹಿಂದಿನ ಗೋದಾಮಿಗೆ ಇಬ್ಬರೂ ಹೋದೆವು. ಅಲ್ಲಿ ಎರಡು ತರಹದ ಟೈರು ರಾಶಿ ಬಿದ್ದಿದ್ದವು. ಒಂದರ ಮೈಮೇಲೆ ಉದ್ದಕ್ಕೆ ಗೆರೆ ಮಾತ್ರ. ಇನ್ನೊಂದಕ್ಕೆ ಹೆಬ್ಬೆರಳು ಮುಳುಗುವಷ್ಟು ಆಳದ ದಪ್ಪ ಹಲ್ಲುಗಳು. ಹಲ್ಲಿನ ಟೈರು ನೋಡಿದೊಡನೆ ನನ್ನ ಮನಸ್ಸು ಅಲ್ಲೇ ಕೂತಿತು.

“ಬರ್ಮಾದ ಕೆಸರು ತುಳದು ಬಂದಾವ ಇವು,” ಎಂದ ವ್ಯಾಪಾರಿ. “ನಿಮ್ಮ ಜಾಲಹಳ್ಳಿ ಕೆಸರು ಇವಕ್ಕ ನಾಷ್ಟಾ.”

“ತುಳದು ಬಂದಾವಂದ್ರ ಹಳೇವು ಅಂದಂಗಾತು,” ಎಂದರು ಉಸ್ತಾದರು.

ನಾನು ಒಂದೊಂದೇ ಟೈರು ಎತ್ತಿ ನಿಲ್ಲಿಸಿ ನೋಡಿದೆ. ಪಕ್ಕೆಗೆ ಉಗುರು ಒತ್ತಿ ಬಿರುಕು ಹುಡುಕಿದೆ, ಒಳಗೆ ಕೈ ಆಡಿಸಿ ತೇಪೆ ಇದೆಯೋ ಎಂದು ತಡವಿದೆ. ಆ ಕೆಲಸ ಕಲಿಸಿದವರು ಉಸ್ತಾದರೇ. ನಮ್ಮ ಲಾರಿಗೆ ಹಿಂದೆ ನಾಲ್ಕು ಗಾಲಿ, ಮುಂದೆ ಎರಡು, ಮೇಲೆ ಒಂದು ಸ್ಟೆಪ್ನಿ. ಏಳು ಹಲ್ಲಿನ ಟೈರು ತೆಗೆದು ಬದಿಗಿಟ್ಟೆ.

“ಮುಂದಕ್ಕ ಗೆರಿ ಟೈರು ತಗೋ ಬೇಟಾ,” ಎಂದರು ಉಸ್ತಾದರು. “ಹಿಂದಿನ್ವು ನೂಕತಾವ, ಅವಕ್ಕ ಹಲ್ಲು ಬೇಕು. ಮುಂದಿನ್ವು ದಾರಿ ಹಿಡೀಬೇಕು. ನಾವೇನು ದಿನಾ ಕೆಸರಾಗ ಹೋಗ್ತೀವೇನು? ಹತ್ತು ದಿನದಾಗ ಎಂಟು ದಿನ ಕಂಕರು ಮ್ಯಾಲ.”

“ಕೆಸರಿನಾಗ ಮುಂದಿನ್ವು ಸಿಕ್ಕಿಬಿದ್ರ ಏನು ಮಾಡ್ತೀರಿ? ನಾನ ಆರಸಬೇಕು ಅಂದಾರ ಸಾವ್ಕಾರ್ರು.”

ಅವರು ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಗಿರಣಿಯ ಅಂಗಳದಲ್ಲಿ ಏಳನ್ನೂ ನಾನೇ ಹಾಕಿದೆ. ಸಂಜೆಯ ಹೊತ್ತಿಗೆ ಬೆರಳ ಸಂದೆಲ್ಲ ಸೀಳಿತ್ತು. ಲಾರಿ ಎತ್ತರಕ್ಕೆ ನಿಂತಿತು, ಗೂಳಿಯಂತೆ. ಆಗ ಉಸ್ತಾದರು ಜೇಬಿನಿಂದ ಡಬ್ಬಿ ತೆಗೆದು, ಸುಣ್ಣಕ್ಕೆ ನೀರು ಬೆರೆಸಿ, ಮುಂದಿನ ಒಂದು ಗಾಲಿಯ ಹಲ್ಲಿಗೆ ಒಂದು ಮೊಳದುದ್ದ ಹಚ್ಚಿದರು. ಶೇಂಗಾ ಒಣಹಾಕುವ ಬಂಡೆಗಲ್ಲಿನ ಮೇಲೆ ಲಾರಿಯನ್ನು ನಾಲ್ಕು ಹೆಜ್ಜೆ ಸರಿಸು ಎಂದರು. ಸರಿಸಿದೆ. ಕಲ್ಲಿನ ಮೇಲೆ ಬಿಳಿ ತುಂಡುಗಳು ಮೂಡಿದವು, ನಡುನಡುವೆ ಅಂಗೈಯಗಲದ ಕಪ್ಪು. ಆಚೆ ಸಾವ್ಕಾರರ ಹಳೆಯ ಮೋಟಾರು ನಿಂತಿತ್ತು, ಅದಕ್ಕಿದ್ದದ್ದು ಗೆರೆ ಟೈರು. ಅದಕ್ಕೂ ಸುಣ್ಣ ಹಚ್ಚಿ ನಾಲ್ಕು ಹೆಜ್ಜೆ ನೂಕಿಸಿದರು. ಅದರ ಗುರುತು ತುಂಡಾಗದ ಪಟ್ಟಿಯಾಗಿ ಬಂತು.

“ನೋಡು. ಕಲ್ಲಿಗೆ ಎಷ್ಟು ಸುಣ್ಣ ಹತ್ತೇದೋ ಅಷ್ಟ ನಿನ್ನ ಬ್ರೇಕು, ಅಷ್ಟ ನಿನ್ನ ಸ್ಟೇರಿಂಗು. ಉಳದದ್ದು ಬರೇ ರಬ್ಬರು.”

ಶೇಂಗಾ ಆರಿಸುವ ಹೆಂಗಸರು ಕೈಬಿಟ್ಟು ನೋಡುತ್ತಿದ್ದರು. ಒಬ್ಬಳು, “ಸುಣ್ಣ ಹಚ್ಚೀರಿ, ಎಲಿ ಅಡಕಿನೂ ತಿನ್ನಸ್ರಿ ಟೈರಿಗೆ,” ಎಂದಳು. ಎಲ್ಲರೂ ನಕ್ಕರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಒದ್ದೆ ಗೋಣಿ ತಂದು ಟೈರಿನ ಸುಣ್ಣವನ್ನೂ ಕಲ್ಲಿನ ಸುಣ್ಣವನ್ನೂ ಒರೆಸಿಬಿಟ್ಟೆ. ಉಸ್ತಾದರು ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡರು.

ನಾಲ್ಕನೆಯ ದಿನ ಮಳೆ ಹಿಡಿಯಿತು. ಜಾಲಹಳ್ಳಿಗೆ ಹೊರಟೆವು. ದೇವದುರ್ಗ ದಾಟಿದ ಮೇಲೆ ಎತ್ತಿನವರು ಎಂದಿನಂತೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು. “ಬರ್ರಿ ಬರ್ರಿ, ಹಗ್ಗ ತಂದೀವಿ,” ಎಂದು ಕೂಗಿದರು. ನಾನು ಗಿಯರು ಇಳಿಸಿ ಅವರ ಮುಂದೆಯೇ ಕೆಸರಿಗೆ ಇಳಿಸಿದೆ. ಹಲ್ಲು ಎರೆ ಮಣ್ಣನ್ನು ಹಿಡಿದು ಹಿಡಿದು ಬಿಟ್ಟಿತು. ಎರಡು ಕಡೆ ಮಣ್ಣು ಹಲ್ಲಿನ ನಡುವೆ ತುಂಬಿಕೊಂಡು ಗಾಲಿ ರೊಟ್ಟಿಯಂತೆ ನುಣ್ಣಗಾಯಿತು. ಆ ಎರಡೂ ಕಡೆ ಉಸ್ತಾದರು ಇಳಿದು, ಮೊಣಕಾಲವರೆಗೆ ಹೂತು, ಕುರ್ಪಿಯಿಂದ ಗಾಲಿ ಕೆರೆದು ಕೊಟ್ಟರು. ಮರುದಿನ ತುಂಬಿದ ಲಾರಿ ರಾಯಚೂರು ಸೇರಿತು. ಎತ್ತು ಹಚ್ಚಲಿಲ್ಲ. ಸಾವ್ಕಾರರು ಕೇಳಿದಾಗ, “ಟೈರು ಆರಸೂದ್ರಾಗ ಅದರೀ ಎಲ್ಲಾ,” ಎಂದೆ. ಕುರ್ಪಿಯ ವಿಷಯ ನನ್ನ ಬಾಯಿಗೆ ಬರಲಿಲ್ಲ.

ಬರುವ ದಾರಿಯಲ್ಲಿ, ಕಂಕರು ಸುರುವಾದ ಮೇಲೆ, ಉಸ್ತಾದರು ಒಂದೇ ಮಾತು ಕೇಳಿದ್ದರು. “ಸ್ಟೇರಿಂಗು ಹಗುರ ಆಗ್ಯಾದೇನು?”

“ಬೆಣ್ಣಿ ಆಗ್ಯಾದ್ರಿ.”

“ಹ್ಞೂಂ,” ಎಂದು ಹೊರಗೆ ನೋಡುತ್ತ ಕೂತರು. ಹಗುರವಾಗುವುದು ಒಳ್ಳೆಯದೆಂದು ನಾನು ತಿಳಿದಿದ್ದೆ, ಗಾಲಿ ನೆಲ ಹಿಡಿಯುತ್ತಿಲ್ಲವೆಂದು ಹೊಳೆಯಲಿಲ್ಲ.

ಮುಂದಿನ ವಾರ ಮಾನ್ವಿಗೆ ಕಳಿಸಿದರು. ಆ ದಾರಿಯಲ್ಲಿ ಕೆಸರೇ ಇಲ್ಲ, ರಾಯಚೂರಿನವರೆಗೂ ಕಂಕರು. ಮಾಲು ತುಂಬಿಸಿ ಮಧ್ಯಾಹ್ನ ಹೊರಟೆವು. ಆಗಷ್ಟೇ ಒಂದು ಸಣ್ಣ ಮಳೆ ಹಾದುಹೋಗಿತ್ತು. ಹೊಲದಿಂದ ಬಂದ ಬಂಡಿಗಳು ರಸ್ತೆಯ ಮೇಲೆ ತೆಳ್ಳಗೆ ಮಣ್ಣು ಬಳಿದಿದ್ದವು. ಬಿಸಿಲು ಬಿದ್ದು ರಸ್ತೆ ಹೊಳೆಯುತ್ತಿತ್ತು. ಉಸ್ತಾದರು ನನ್ನ ಎಡಕ್ಕೆ ಕೂತು, ಎಡಗೈಯನ್ನು ಬಾಗಿಲ ಮೇಲೆ ಇಟ್ಟುಕೊಂಡಿದ್ದರು. ಮುಂದೆ ಹಳ್ಳಕ್ಕೆ ಕಟ್ಟಿದ ಒಂದು ಪೂಲು, ಸಣ್ಣ ಸೇತುವೆ, ಅದಕ್ಕೆ ಮೊದಲು ಬಲಕ್ಕೆ ತಿರುವು.

“ಸಾವಕಾಶ,” ಎಂದರು.

ಬ್ರೇಕು ಒತ್ತಿ ಸ್ಟೇರಿಂಗು ಬಲಕ್ಕೆ ತಿರುಗಿಸಿದೆ. ಗಾಲಿ ತಿರುಗಿತು, ಲಾರಿ ತಿರುಗಲಿಲ್ಲ. ಅದು ನೆಟ್ಟಗೆ ಹೋಯಿತು. ಇನ್ನೂ ತಿರುಗಿಸಿದೆ. ಕೈಯಲ್ಲಿ ಏನೂ ಇಲ್ಲದಂತೆ ಅನ್ನಿಸಿತು. ಕೊನೆಗೆ ಲಾರಿಯ ಎಡಮಗ್ಗಲು ಪೂಲಿನ ಕಟ್ಟೆಗೆ ಉಜ್ಜಿಕೊಂಡು ನಿಂತಿತು. ಬಾಗಿಲಿಗೂ ಕಲ್ಲಿಗೂ ನಡುವೆ ಉಸ್ತಾದರ ಕೈ ಇತ್ತು.

ಅವರು ಕೂಗಲಿಲ್ಲ. “ಬಂದ್ ಮಾಡು ಇಂಜಿನ್,” ಎಂದರು. ನಾನು ಚಾವಿ ತಿರುಗಿಸಿ ಕೆಳಗಿಳಿದು ಜನರನ್ನು ಕೂಗಿದೆ. ಹೊಲದಲ್ಲಿದ್ದವರು ಓಡಿ ಬಂದು ಹಾರೆ ಹಾಕಿ ಬಾಗಿಲು ಬಿಡಿಸಿದರು. ಬಂಡಿಯಲ್ಲಿ ಮಲಗಿಸಿ ಮಾನ್ವಿಯ ದವಾಖಾನೆಗೆ ಕರೆದುಕೊಂಡು ಹೋದೆವು.

ಸಾವ್ಕಾರರು ಮರುದಿನ ಬಂದರು. ಮಂಚದ ಪಕ್ಕದಲ್ಲಿ ನಿಂತು, “ಹೆಂಗಾತು?” ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು. ಬಾಯಿ ತೆರೆಯುವಷ್ಟರಲ್ಲಿ ಉಸ್ತಾದರು ಹೇಳಿದರು:

“ಎಮ್ಮಿ ಅಡ್ಡ ಬಂತ್ರಿ. ಹುಡುಗ ಲಾರಿ ಚೊಲೋ ಹೊಡದ. ಇಲ್ಲಂದ್ರ ಲಾರಿ ಹಳ್ಳಕ್ಕ ಹೋಗ್ತಿತ್ತು.”

“ಹೌದೇನ್ಲೇ?”

ಅಲ್ಲಿ ಎಮ್ಮೆ ಇರಲಿಲ್ಲ. ಖಾಲಿ ರಸ್ತೆ ಅದು. ಇಲ್ಲ ಎಂದಿದ್ದರೆ ಸೀಟು ಹೋಗುತ್ತಿತ್ತು, ಗಂಜಿನ ಚೀಲ ಬರುತ್ತಿತ್ತು.

“ಹೌದ್ರಿ,” ಎಂದೆ.

ಎಲುಬು ಕೂಡಿತು, ಬೆರಳು ಮಡಚಲಿಲ್ಲ. ಬಲಗೈಯಾಗಿದ್ದರೆ ಹೇಗೋ ಏನೋ. ನಮ್ಮ ಲಾರಿಗಳಲ್ಲಿ ಗಿಯರು ಹಾಕುವುದು ಎಡಗೈ. ಉಸ್ತಾದರು ಮತ್ತೆ ಸ್ಟೇರಿಂಗು ಹಿಡಿಯಲಿಲ್ಲ. ಸಾವ್ಕಾರರು ಅವರನ್ನು ಗಿರಣಿಯ ಬಾಗಿಲು ಕಾಯಲು ಇಟ್ಟುಕೊಂಡರು.

ಲಾರಿ ರಿಪೇರಿಯಾಗಿ ಬಂದ ದಿನ ಗೋದಾಮಿಗೆ ಹೋಗಿ ಹಲ್ಲಿನ ಮೂರು ಟೈರು ತಿರುಗಿ ಕೊಟ್ಟು, ಮೂರು ಗೆರೆ ಟೈರು ತಂದೆ. ಎರಡನ್ನು ಮುಂದಕ್ಕೆ ಹಾಕಿದೆ. ಪಾನ್ ಅಂಗಡಿಯಿಂದ ಎಲೆಯ ಮೇಲೆ ಸುಣ್ಣ ತಂದು ಹಚ್ಚಿ, ಅದೇ ಕಲ್ಲಿನ ಮೇಲೆ ಸರಿಸಿದೆ. ಹೆಂಗಸರು ನೋಡಿದರು. ಈ ಸಲ ಯಾರೂ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂಜೆ ಉಸ್ತಾದರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವರು ಹೊರಗೆ ಚಾಪೆಯ ಮೇಲೆ ಕೂತಿದ್ದರು. ಅವರ ಮನೆಯವರು ಎಲೆ ಕಟ್ಟಿ ಬಾಯಿಗೆ ಕೊಡುತ್ತಿದ್ದರು.

“ಮುಂದಿನ್ವು ಬದಲು ಮಾಡಿದಿ?”

“ಮಾಡಿದೆ ಉಸ್ತಾದ್ರ.”

“ಸುಣ್ಣ ಹಚ್ಚಿ ನೋಡಿದಿ?”

“ನೋಡಿದೆ.”

“ತುಂಡು ಬಂತೋ ಪಟ್ಟಿ ಬಂತೋ?”

“ಪಟ್ಟಿ.”

“ಹಂಗಾದ್ರ ಆತು.” ಬಲಗೈಯಿಂದ ಜೇಬಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು. “ಒಂದು ಕೈಲೆ ಎಲಿಗೆ ಸುಣ್ಣ ಹಚ್ಚಾಕ ಬರೂದಿಲ್ಲ. ನಂಗ ಇವರು ಹಚ್ಚಿ ಕೊಡ್ತಾರ. ನೀ ಒಯ್ಯಿ.”

ನಾನು ಕಟ್ಟಿಕೊಂಡು ಹೋದ ಮಾತು ಹಾಗೇ ತಿರುಗಿ ಬಂತು.

ಆಮೇಲೆ ದಿನಾಲೂ ಗಿರಣಿಯ ಬಾಗಿಲಲ್ಲಿ ಅವರ ಮುಂದೆಯೇ ಲಾರಿ ತರುತ್ತಿದ್ದೆ, ಒಯ್ಯುತ್ತಿದ್ದೆ. ಸ್ಟೂಲಿನ ಮೇಲೆ ಕೂತು ಅವರು ನನ್ನ ಮುಖ ನೋಡುತ್ತಿರಲಿಲ್ಲ, ಮುಂದಿನ ಗಾಲಿ ನೋಡುತ್ತಿದ್ದರು. ನೋಡಿ ತಲೆ ಆಡಿಸಿದರೆ ಹೋಗುತ್ತಿದ್ದೆ. ಎಷ್ಟೋ ಸಲ ಇಳಿದು ಹೇಳಿಬಿಡಬೇಕು ಅನ್ನಿಸಿದೆ. ಹಿಂದೆ ಇನ್ನೊಂದು ಗಾಡಿ ಬಂದು ಹಾರ್ನು ಹೊಡೆಯುತ್ತಿತ್ತು. ಉಸ್ತಾದರು ಹೋದರು. ಸಾವ್ಕಾರರೂ ಹೋದರು, ಎಮ್ಮೆಯನ್ನು ನಂಬಿಕೊಂಡೇ. ಅಲ್ಲಿ ಎಮ್ಮೆ ಇರಲಿಲ್ಲವೆಂದು ಮೊದಲ ಸಲ ಹೇಳುತ್ತಿರುವುದು ಇಲ್ಲೇ.

ದುಡಿದೇ ಗಳಿಸಿದ್ದೇನೆ, ಯಾರ ಹಂಗಿನಲ್ಲೂ ಇಲ್ಲ ಎಂದು ಊರಲ್ಲಿ ಹೇಳಿಕೊಳ್ಳುತ್ತೇನೆ. ಅದರ ಮೊದಲರ್ಧ ನಿಜ. ಈಗ ನನ್ನ ಹತ್ತಿರ ಇರುವುದು ಸ್ವಂತದ ಒಂದು ಲಾರಿ. ಮುಂದೆ ಎರಡು ಗೆರೆ ಟೈರು, ಹಿಂದೆ ನಾಲ್ಕು ಹಲ್ಲಿನ ಟೈರು, ಸ್ಟೆಪ್ನಿ ಒಂದು. ಒಂದು ಜ್ಯಾಕು, ಒಂದು ಗಾಳಿ ಪಂಪು, ಒಂದು ಕುರ್ಪಿ, ಸುಣ್ಣದ ತಗಡಿನ ಡಬ್ಬಿ ಒಂದು.