ಕೇಳದೆ ಕೊಯ್ಯುವ ಸೊಪ್ಪು

೨೦೨೫ರ ಜೂನ್ ೨೩, ಸೋಮವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ವಿಟ್ಲ ಪೇಟೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಪಾದೆಯ, ಅಂದರೆ ಹಾಸುಬಂಡೆಯ ಮೇಲೆ ಒತ್ತೊತ್ತಾಗಿ ಕೂತ ಮನೆಗಳ ಸಾಲಿನಲ್ಲಿ ಒಂದು ಅಂಗಳ. ಕರೆಂಟಿಲ್ಲ. ಪೂವಮ್ಮ ಮೊಬೈಲಿನ ಟಾರ್ಚನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಸೊಪ್ಪು ಕೊಯ್ಯುತ್ತಿದ್ದಾರೆ. ಜಿನುಗು ಮಳೆಗೆ ಎಲೆಗಳೆಲ್ಲ ಒದ್ದೆ. ಸಾಂಬ್ರಾಣಿ ಸೊಪ್ಪಿನ ದಪ್ಪ ಎಲೆಗಳು ಒಂದೊಂದಾಗಿ ಟಕ್ಕೆಂದು ಮುರಿದು ಚೀಲಕ್ಕೆ ಬೀಳುತ್ತವೆ. ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುವುದು ಇದನ್ನೇ. ಇವತ್ತು ಶಾಲೆಯ ಮಕ್ಕಳಿಗೆ ಅನ್ನ, ಸಾಂಬಾರಿನ ಜೊತೆಗೆ ಇದರ ತಂಬುಳಿ.

ಹಿಂದಿನ ದಿನವಿಡೀ ಅವರು ಊರಲ್ಲಿರಲಿಲ್ಲ. ಮೂಡುಬಿದಿರೆ ಹತ್ತಿರದ ಮಿಜಾರಿನಲ್ಲಿ ಅಣ್ಣನ ಮಗಳ ಸೀಮಂತಕ್ಕೆ ಹೋಗಿ, ಕೊನೆಯ ಬಸ್ಸಿನಲ್ಲಿ ಮನೆ ಮುಟ್ಟುವಾಗ ಕತ್ತಲಾಗಿತ್ತು. ಅಂಗಳದ ಗಿಡದ ಚಟ್ಟಿಗಳ ಕಡೆ ಕಣ್ಣು ಹಾಯಿಸದೆ ಮಲಗಿದ್ದರು.

ಪೂವಮ್ಮನಿಗೆ ಐವತ್ತನಾಲ್ಕು ವರ್ಷ. ಸಮೀಪದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಶುರುವಾದ ಲಾಗಾಯ್ತು ಅಲ್ಲಿನ ಸೌಟು ಅವರ ಕೈಯಲ್ಲೇ ಇದೆ. ಈಗ ಅರವತ್ತೆರಡು ಮಕ್ಕಳು, ಇಬ್ಬರು ಅಡುಗೆಯವರು. ತರಕಾರಿ ಬಾರದ ದಿನ ಸಾಂಬಾರು ನೀರಾಗುತ್ತಿತ್ತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆಯೊಳಗೆ ಇಣುಕಿ, "ಅಜ್ಜೀ, ಇವತ್ತು ಬೇಳೆಗೆ ರಜೆಯಾ?" ಎಂದು ಕೇಳಿದ್ದನ್ನು ಅವರು ಇವತ್ತಿಗೂ ಹೇಳಿ ನಗುತ್ತಾರೆ. "ಆ ಮಗು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ತಮಾಷೆ ಆಗ್ಲಿಲ್ಲ. ಬೇಳೆ ನನ್ನ ಕೈಯಲ್ಲಿಲ್ಲ, ಸೊಪ್ಪಾದ್ರೂ ಹಾಕುವ ಅಂತ ಕಂಡಿತು."

ಆದರೆ ಸೊಪ್ಪು ಬೆಳೆಯಲು ನೆಲವೆಲ್ಲಿ? "ಮಣ್ಣು ಎಲ್ಲುಂಟು ಇಲ್ಲಿ? ಪಿಕ್ಕಾಸು ಹಾಕಿದ್ರೆ ಪಿಕ್ಕಾಸೇ ಬಗ್ಗುತ್ತದೆ." ಹಾಗಾಗಿ ಎಲ್ಲವೂ ಚಟ್ಟಿಯಲ್ಲಿ. ಚಟ್ಟಿ ಎಂಬುದು ಹೆಸರಿಗೆ ಮಾತ್ರ. ಪೈಂಟಿನ ಡಬ್ಬಿ, ಸೀಳಿದ ಬಕೆಟ್ಟು, ಮುಚ್ಚಳ ಕಳೆದ ಕುಕ್ಕರ್, ತಳ ತೂತಾದ ಶಾಲೆಯದೇ ಸಾಂಬಾರಿನ ಪಾತ್ರೆ. ಒಂದರಲ್ಲಿ ಪುದೀನ, ಒಂದರಲ್ಲಿ ಒಂದೆಲಗ, ಸಿಮೆಂಟಿನ ಚೀಲದಲ್ಲಿ ಬೇವುಸೊಪ್ಪಿನ, ಅಂದರೆ ಕರಿಬೇವಿನ ಗಿಡ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ತಿಕ್ಕಿ ಎರಡು ಹೋಳು ಮಾಡಿಯೇ ಬಿತ್ತುತ್ತಾರೆ. ಮಳೆ ನೇರ ಬಡಿದರೆ ಮೊಳಕೆ ಉಳಿಯದೆಂದು ಅದಕ್ಕೆ ಮಾತ್ರ ಮಾಡಿನ ಕೆಳಗೆ ಜಾಗ. ಅಕ್ಕಿ ತೊಳೆದ ನೀರು ಎಲ್ಲರಿಗೂ, ಮೀನು ತೊಳೆದ ನೀರು ಬೇವಿಗೆ. ಆ ಮೀನಿನ ನೀರು ಬರುವುದು ಎದುರು ಮನೆಯ ಖದೀಜಮ್ಮನಿಂದ.

ಈ ಸಾಲುಮನೆಗಳಲ್ಲಿ ಒಂದು ರೂಢಿ ಇದೆ. ಪೂವಮ್ಮನ ಅಂಗಳದ ಸೊಪ್ಪನ್ನು ಯಾರೂ ಕೇಳಿ ಕೊಯ್ಯುವುದಿಲ್ಲ. ಬಂದವರು ತಮಗೆ ಬೇಕಾದಷ್ಟು ಚಿವುಟಿಕೊಂಡು ಹೋಗುತ್ತಾರೆ, ಮನೆಯವರು ಇರಲಿ ಬಿಡಲಿ. ಕೇಳಿದರೆ ಪೂವಮ್ಮನಿಗೇ ಸಿಟ್ಟು. "ಸೊಪ್ಪಿಗೆ ಕೇಳ್ಲಿಕ್ಕೆ ಎಂತ ಉಂಟು? ನಾಳೆ ನೀರಿಗೂ ಕೇಳ್ತಾರಾ?"

ಆ ಸೋಮವಾರ ಒಂಬತ್ತೂಕಾಲಕ್ಕೆ ಶಾಲೆಯ ಅಡುಗೆಕೋಣೆಯಲ್ಲಿ ಪೂವಮ್ಮ ಚೀಲದ ಸೊಪ್ಪನ್ನು ಸ್ಟೀಲಿನ ಬೋಗುಣಿಗೆ ಸುರಿದು ನೀರು ಹಾಕುತ್ತಾರೆ. ಅಕ್ಕಿ ನೋಡಲು ಅತ್ತ ಹೋಗಿ ಮರಳಿ ಬರುವಷ್ಟರಲ್ಲಿ ನೀರು ತಿಳಿಯಾಗಿದೆ, ತಳದಲ್ಲಿ ಏನೋ ಕೂತಿದೆ. ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಒಯ್ಯುತ್ತಾರೆ. ತೆಳು ನೀಲಿ. ಎಲೆಯೊಂದನ್ನು ಎತ್ತಿ ನೋಡಿದರೆ ಅದರ ರೋಮಗಳ ನಡುವೆ ಸುಣ್ಣದಂಥ ನೀಲಿ ಚುಕ್ಕೆಗಳು. ಉಗುರಿನಿಂದ ಕೆರೆದರೂ ಪೂರ್ತಿ ಬರುವುದಿಲ್ಲ.

ಈ ಬಣ್ಣ ಗೊತ್ತಿಲ್ಲದವರು ಬಂಟ್ವಾಳ, ಬೆಳ್ತಂಗಡಿ ಕಡೆ ಯಾರಿದ್ದಾರೆ? ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಬಿಡುವ ಮದ್ದು. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು, ಅದಕ್ಕೆ ಸುಣ್ಣದ ನೀರು. ಹೊಡೆದಲ್ಲಿಯೇ ಅಂಟಿ ಕೂರುವುದು, ಮಳೆಗೆ ಸುಲಭದಲ್ಲಿ ತೊಳೆದು ಹೋಗದಿರುವುದು ಅದರ ಗುಣ. ಆ ಗುಣಕ್ಕಾಗಿಯೇ ಅದನ್ನು ಬಿಡುವುದು.

ಪೂವಮ್ಮ ಸೊಪ್ಪನ್ನು ಚೀಲ ಸಮೇತ ಮೂಲೆಗೆ ಎಸೆಯುತ್ತಾರೆ. ಮಕ್ಕಳ ತಟ್ಟೆಗೆ ಹೋಗಲಿಲ್ಲ ಎಂಬ ಸಮಾಧಾನದ ಉಸಿರು ಪೂರ್ತಿ ಹೊರಬೀಳುವ ಮೊದಲೇ ಇನ್ನೊಂದು ವಿಷಯ ನೆನಪಾಗಿ ಅವರು ಫೋನಿಗೆ ಕೈ ಹಾಕುತ್ತಾರೆ. ಎದುರು ಮನೆಯಲ್ಲಿ ಖದೀಜಮ್ಮನ ಮಗಳ ಮಗು ಹನಾ. ಎಂಟು ತಿಂಗಳು. ಶನಿವಾರದಿಂದ ಶೀತ, ಕಫ. ಸಾಂಬ್ರಾಣಿ ಸೊಪ್ಪನ್ನು ಕಾವಲಿಯಲ್ಲಿ ಬಾಡಿಸಿ ಹಿಂಡಿದ ರಸ ಒಂದು ಚಮಚ ಕೊಡುವುದು ಇಲ್ಲಿ ಎಲ್ಲ ಮನೆಗಳ ಮೊದಲ ಮದ್ದು. "ಕೊಯ್ಕೊಳ್ಳಿ ಖದೀಜಮ್ಮ, ನಾನಿಲ್ಲದಿದ್ರೆ ಎಂತ, ಸೊಪ್ಪು ಉಂಟಲ್ಲ" ಎಂದು ಮಿಜಾರಿಗೆ ಹೊರಡುವಾಗ ಹೇಳಿ ಹೋದದ್ದು ತಾವೇ.

ಖದೀಜಮ್ಮನ ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಪೂವಮ್ಮ ನೀಲಿ ಚುಕ್ಕೆಯ ಎರಡು ಎಲೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಲೆಯನ್ನು ಜೊತೆಯವಳಿಗೆ ಒಪ್ಪಿಸಿ ಓಡುತ್ತಾರೆ. ಓಣಿಯ ತಿರುವಿನಲ್ಲಿ ಡೊಂಬಯ್ಯ ಸಿಗುತ್ತಾರೆ. ಮೂರು ಮನೆ ಆಚೆಯವರು, ಮರ ಹತ್ತಿ ಮದ್ದು ಬಿಡುವುದೇ ಅವರ ಕಸುಬು. ಭುಜದ ಮೇಲೆ ಪೈಪಿನ ಸುರುಳಿ, ಮುಖದ ತುಂಬ ನಗು.

"ಎಂತ ಪೂವಕ್ಕ, ಓಟ? ನಿಮ್ಮ ಸಾಂಬ್ರಾಣಿಗೆ ಮದ್ದು ಬಿಟ್ಟಿದ್ದೇನೆ ನೋಡಿದಿರಾ? ಕೊಳೀತಾ ಉಂಟು ಅಂತ ಹೇಳಿದ್ದಿರಲ್ಲ. ಒಂದು ಚಹಾ ಬಾಕಿ ಉಂಟು ನನಗೆ!"

ಕಲಸಿದ ಮದ್ದನ್ನು ಅಂದಂದೇ ಮುಗಿಸಬೇಕು. ಸಂಜೆ ಡ್ರಮ್ಮಿನಲ್ಲಿ ಉಳಿದದ್ದನ್ನು ಬದಿಯ ಕರಿಮೆಣಸಿನ ಬಳ್ಳಿಗೋ, ಗುರುತಿನವರ ತೆಂಗಿನ ಸಸಿಗೋ ಬಿಟ್ಟು ಹೋಗುವುದು ಈ ಕೆಲಸದವರ ಅಭ್ಯಾಸ. ಕೊಟ್ಟವರಿಗೂ ಪಡೆದವರಿಗೂ ಅದು ಉಪಕಾರವೇ. ಭಾನುವಾರ ಸಂಜೆ ಡೊಂಬಯ್ಯ ಮಾಡಿದ್ದು ಅಂಥದೇ ಉಪಕಾರ.

ಪೂವಮ್ಮನ ಬಾಯಿಂದ ಬಂದದ್ದು ಒಂದೇ ಮಾತು: "ಮಗುವಿಗೆ ಕೊಟ್ಟಿರ್ತಾರೆ, ಅಣ್ಣಾ."

ಪೈಪಿನ ಸುರುಳಿ ಡೊಂಬಯ್ಯನ ಭುಜದಿಂದ ಜಾರಿ ನೆಲಕ್ಕೆ ಬೀಳುತ್ತದೆ. ಅದನ್ನು ಎತ್ತಿಕೊಳ್ಳದೆ ಅವರೂ ಹಿಂದೆ ಓಡುತ್ತಾರೆ.

ಖದೀಜಮ್ಮನ ಮನೆಯ ಬಾಗಿಲು ತೆರೆದೇ ಇದೆ. ಹನಾಳ ತಾಯಿ ಶಬ್ನಾ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿಯಾಗಿದೆ. ಖದೀಜಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದಾರೆ. ಅವರ ಭುಜದ ಬಟ್ಟೆಯ ಮೇಲೆ ಮಗು ಕಾರಿದ ಹಾಲು, ಹಸಿರು ನೀರು. "ಕೊಟ್ಟು ಹತ್ತು ನಿಮಿಷ ಆಗ್ಲಿಲ್ಲ ಪೂವಕ್ಕ, ಎಲ್ಲ ಹೊರಗೆ ಹಾಕಿದಳು. ಎಂತ ಆಯ್ತೋ ಗೊತ್ತಾಗುದಿಲ್ಲ."

"ತೊಳೆದಿದ್ದಿರಾ?"

"ತೊಳೆಯದೆ ಕೊಡ್ತೇನಾ? ಎರಡು ನೀರಲ್ಲಿ ತೊಳೆದಿದ್ದೇನೆ. ಯಾಕೆ ಕೇಳ್ತೀರಿ?"

ಪೂವಮ್ಮ ಪ್ಲಾಸ್ಟಿಕ್ ಬಿಚ್ಚಿ ಎಲೆ ತೋರಿಸುತ್ತಾರೆ. ಖದೀಜಮ್ಮ ಕನ್ನಡಕ ಇಲ್ಲದ ಕಣ್ಣನ್ನು ಎಲೆಯ ಹತ್ತಿರಕ್ಕೆ ತಂದು ನೋಡುತ್ತಾರೆ, ಮತ್ತೆ ಪೂವಮ್ಮನ ಮುಖ ನೋಡುತ್ತಾರೆ. ಡೊಂಬಯ್ಯ ಅಷ್ಟರಲ್ಲಿ ರಿಕ್ಷಾ ನಿಲ್ಲಿಸಿಯಾಗಿದೆ.

ಪೇಟೆಯ ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಕೇಳುವುದೇ ಏನು ಕೊಟ್ಟಿರಿ ಎಂದು. ಪೂವಮ್ಮ ಎಲೆ ಮುಂದಿಡುತ್ತಾರೆ. ಎಷ್ಟು ಚಮಚ, ಎಷ್ಟು ಹೊತ್ತಾಯಿತು, ಎಷ್ಟು ಸಲ ಕಾರಿದಳು ಎಂಬ ಪ್ರಶ್ನೆಗಳಿಗೆ ಖದೀಜಮ್ಮ ಉತ್ತರಿಸುತ್ತಾರೆ. ತಾಮ್ರದ ಈ ಲವಣ ಹೊಟ್ಟೆಯನ್ನು ಕೆರಳಿಸಿ ವಾಂತಿ ತರಿಸುತ್ತದೆ. ಹೆಚ್ಚು ಒಳಗುಳಿದರೆ ರಕ್ತಕ್ಕೂ ಪಿತ್ತಜನಕಾಂಗಕ್ಕೂ ಅಪಾಯ. ರಕ್ತ ತೆಗೆಯಬೇಕು, ಮರುದಿನದವರೆಗೆ ಮಗು ಕಣ್ಣಳತೆಯಲ್ಲೇ ಇರಬೇಕು ಎನ್ನುತ್ತಾರೆ ವೈದ್ಯೆ. ಅಂಗಡಿಯಿಂದ ಓಡಿ ಬಂದ ಶಬ್ನಾ ಯಾರನ್ನೂ ಬೈಯುವುದಿಲ್ಲ. ಮಗುವಿನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ಕೂರುತ್ತಾಳೆ. "ಬೈದಿದ್ರೆ ಒಳ್ಳೇದಿತ್ತು" ಎನ್ನುತ್ತಾರೆ ಪೂವಮ್ಮ. "ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಡೊಂಬಯ್ಯಣ್ಣ. ನಮ್ಮಿಬ್ಬರಿಗೂ ಅಲ್ಲಿಂದ ಏಳ್ಲಿಕ್ಕೆ ಆಗ್ಲಿಲ್ಲ, ಕೂತ್ಕೊಳ್ಲಿಕ್ಕೂ ಆಗ್ಲಿಲ್ಲ."

ಮಂಗಳವಾರ ಮಧ್ಯಾಹ್ನ ರಕ್ತದ ಫಲಿತಾಂಶ ಬರುತ್ತದೆ. ತೊಂದರೆ ಕಾಣುವುದಿಲ್ಲ. ಎಲೆಯ ಮೇಲಿದ್ದದ್ದು ಸ್ವಲ್ಪ, ಅದರಲ್ಲೂ ಹೆಚ್ಚಿನದು ಬೇಗ ಹೊರಬಂದಿದೆ ಎಂದು ವೈದ್ಯೆ ವಿವರಿಸುತ್ತಾರೆ. ಮುಂದಿನ ತಿಂಗಳುಗಳಲ್ಲಿ ಮಗು ಚೆನ್ನಾಗಿ ತಿನ್ನುತ್ತದೆಯೇ, ಬೆಳೆಯುತ್ತದೆಯೇ ಎಂದು ಗಮನಿಸುತ್ತಿರಿ ಎಂದೂ ಹೇಳಿ ಕಳಿಸುತ್ತಾರೆ.

ಅಂದು ಸಂಜೆ ಪೂವಮ್ಮ ತಮ್ಮ ಮೂವತ್ತೊಂದು ಚಟ್ಟಿಗಳಲ್ಲಿ ಒಂದನ್ನೂ ಬಿಡದೆ ಖಾಲಿ ಮಾಡಿದ್ದಾರೆ. ಬೇವಿನ ಗಿಡವನ್ನು ಡೊಂಬಯ್ಯನೇ ಕಿತ್ತದ್ದು. ಅದು ಬೇರು ಬಿಟ್ಟು ಚೀಲ ಹರಿದು ಪಾದೆಯ ಬಿರುಕಿಗೆ ಇಳಿದಿತ್ತಂತೆ.

ಈಗ ಅಕ್ಟೋಬರ್. ಚಾರ್ಮಾಡಿಯಲ್ಲಿರುವ ತಂಗಿಯ ಮನೆಯಿಂದ ತಂದ ಗೆಲ್ಲುಗಳು ಹೊಸ ಮಣ್ಣಿನಲ್ಲಿ ಚಿಗುರಿವೆ. ಶಾಲೆಯ ತಂಬುಳಿ ಮತ್ತೆ ಶುರುವಾಗಿದೆ. ಪೂವಮ್ಮ ಪ್ರತಿ ಎಲೆಯನ್ನೂ ಹಗಲಿನ ಬೆಳಕಲ್ಲೇ ಕೊಯ್ಯುತ್ತಾರೆ, ಮೊದಲ ಎಲೆಯನ್ನು ತಾವೇ ಜಗಿಯುತ್ತಾರೆ. ಡೊಂಬಯ್ಯ ಈಚೆಗೆ ಎಲ್ಲಿ ಮದ್ದು ಬಿಡುವ ಮೊದಲೂ ಸುತ್ತಲಿನ ಮನೆಗಳ ಮುಂದೆ ನಿಂತು, "ಇವತ್ತು ಸೊಪ್ಪು ಕೊಯ್ಬೇಡಿ, ಬಟ್ಟೆ ಒಳಗೆ ಹಾಕಿ" ಎಂದು ಕೂಗುತ್ತಾರೆ. ಮಕ್ಕಳು ಅವರ ಹಾಗೆಯೇ ಕೂಗಿ ಅಣಕಿಸುತ್ತಾರೆ. ಅವರು ಮುಂದಿನ ಮನೆಗೆ ನಡೆದು ಮತ್ತೆ ಕೂಗುತ್ತಾರೆ.

ಓಣಿಯವರು ಮಾತ್ರ ತುಂಬ ದಿನ ಅಂಗಳಕ್ಕೆ ಬರಲಿಲ್ಲ. ಮೊದಲು ಬಂದದ್ದು ಖದೀಜಮ್ಮ, ಮೀನಿನ ನೀರಿನ ಚೊಂಬು ಹಿಡಿದು. ನೀರು ಹೊಯ್ದು, ಪುದೀನದ ಮುಂದೆ ನಿಂತು, "ಪೂವಕ್ಕ, ನಾಲ್ಕು ಎಲೆ ಕೊಯ್ಯಲಾ?" ಎಂದರು.

"ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು ಅವರು" ಎನ್ನುತ್ತಾರೆ ಪೂವಮ್ಮ. "ಕೊಯ್ಯಿರಿ ಅಂದೆ. ಒಳಗೆ ಹೋಗಿ ಅತ್ತೆ. ಕೇಳುದು ತಪ್ಪಲ್ಲ, ಗೊತ್ತುಂಟು. ಆದ್ರೆ ಒಂದು ದಿನ ಅವರು ಕೇಳದೆ ಕೊಯ್ದುಕೊಂಡು ಹೋಗ್ಬೇಕು, ನಾನು ಕಿಟಕಿಯಿಂದ ನೋಡ್ಬೇಕು. ನನಗೆ ಅಷ್ಟೇ ಸಾಕು."

ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ದಿನ ಅವರು ಶಾಲೆಯ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಂಗನವಾಡಿಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಾರೆ. ಜುಲೈಯಿಂದ ಒಂದು ತಿಂಗಳೂ ತಪ್ಪಿಸಿಲ್ಲ. "ಒಳಗೆ ಬನ್ನಿ ಪೂವಕ್ಕ, ನಿಮ್ಮನ್ನು ತೂಗುದಿಲ್ಲ" ಎಂದು ಶಬ್ನಾ ನಗುತ್ತಾಳೆ. ಅವರು ಹೊಸ್ತಿಲು ದಾಟುವುದಿಲ್ಲ. ತಕ್ಕಡಿಯ ಮುಳ್ಳು ಅಲುಗಾಡಿ ನಿಲ್ಲುವವರೆಗೆ ಅಲ್ಲಿಂದಲೇ ನೋಡುತ್ತಾರೆ.

ಈ ತಿಂಗಳು ಹನಾಳ ತೂಕ ಎಂಟು ಕಿಲೋ ಆರುನೂರು ಗ್ರಾಂ, ಹೋದ ತಿಂಗಳಿಗಿಂತ ಇನ್ನೂರು ಹೆಚ್ಚು.